ಕಾಗೆ, ಕರಿಮಸಿ ಮತ್ತು ಸಂಜೆಯ ಗಡುವು

ಪತ್ರಿಕೆಯಲ್ಲಿ ಅಚ್ಚಾದ ವ್ಯಂಗ್ಯಚಿತ್ರ ನೋಡಿ ನಗುವುದು ಒಂದು, ಅದರ ಮೂಲಪ್ರತಿಯ ಮುಂದೆ ನಿಲ್ಲುವುದೇ ಇನ್ನೊಂದು. ಅಚ್ಚಿನಲ್ಲಿ ಮೂರು ಬೆರಳಗಲ ಕಂಡದ್ದು ಕಾಗದದ ಮೇಲೆ ಅಂಗೈ ಮೀರಿ ದೊಡ್ಡದಿರುತ್ತದೆ. ಕಪ್ಪು ಗೆರೆಯ ಅಡಿಯಲ್ಲಿ ತಿಳಿನೀಲಿ ಪೆನ್ಸಿಲ್ಲಿನ ಗೀಚು ಇಣುಕುತ್ತದೆ. ಮಂತ್ರಿಯ ಮೂಗು ಮನಸ್ಸಿಗೆ ಒಪ್ಪದೆ ಅದರ ಮೇಲೆ ಬಿಳಿ ಬಳಿದು, ಬಿಳಿಯ ಮೇಲೆ ಮತ್ತೊಂದು ಮೂಗು ಕೂರಿಸಿರುತ್ತಾರೆ. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ, ಎಂ.ಜಿ. ರಸ್ತೆಯ ಗದ್ದಲದಿಂದ ಒಳಕ್ಕೆ ಸರಿದುಕೊಂಡಿರುವ ಮಿಡ್‌ಫೋರ್ಡ್ ಗಾರ್ಡನ್ನಿನ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಮೂಲಪ್ರತಿಗಳು ಬಂದಿವೆ ಅಂದರೆ ನಾನು ಹೋಗುವುದು ಈ ತೇಪೆಗಳನ್ನು ನೋಡಲಿಕ್ಕೆ.

ಸಂಸ್ಥೆಯ ಚರಿತ್ರೆ ದೊಡ್ಡದೇನಲ್ಲ. ಸ್ವತಃ ವ್ಯಂಗ್ಯಚಿತ್ರಕಾರರಾದ ವಿ.ಜಿ. ನರೇಂದ್ರ ಮತ್ತು ಸಂಗಡಿಗರು ಸೇರಿ 2001ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ಕಟ್ಟಿದರು. 2007ರಲ್ಲಿ ಗ್ಯಾಲರಿ ಬಂತು. ಪ್ರದರ್ಶನಗಳು ನಡೆಯುತ್ತವೆ, ಹಿರಿಯರಿಗೆ ಸನ್ಮಾನ ಆಗುತ್ತದೆ, ಗಂಡಸರೇ ತುಂಬಿದ್ದ ಈ ಕಸುಬಿನಲ್ಲಿ ಗಟ್ಟಿಯಾಗಿ ನಿಂತ ಬೆಂಗಳೂರಿನ ಮಾಯಾ ಕಾಮತ್ ಹೆಸರಿನಲ್ಲಿ ಪ್ರಶಸ್ತಿಯಿದೆ. ಇಷ್ಟನ್ನು ಹೇಳಿ ನಾನು ಮತ್ತೆ ಗೆರೆಗಳ ಕಡೆಗೇ ಬರುತ್ತೇನೆ.

ನೀಲಿ ಪೆನ್ಸಿಲ್ ಯಾಕೆ? ಬ್ಲಾಕ್ ಮಾಡುವವರ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ, ಅದು ಬಿಳಿಯ ಲೆಕ್ಕಕ್ಕೇ ಸೇರಿಬಿಡುತ್ತಿತ್ತು. ಹಾಗಾಗಿ ಗೀಚಿದ್ದನ್ನು ಅಳಿಸುತ್ತ ಕೂರಬೇಕಿರಲಿಲ್ಲ. ಚಿತ್ರವನ್ನು ದೊಡ್ಡದಾಗಿ ಬರೆದು ಅಚ್ಚಿಗೆ ಕುಗ್ಗಿಸಿದರೆ ನಡುಗಿದ ಗೆರೆಯೂ ಬಿಗಿಯಾಗಿ ಕಾಣುತ್ತದೆ. ಸತುವಿನ ತಗಡಿನ ಮೇಲೆ ಚಿತ್ರ ಇಳಿಸಿ, ಗೆರೆಯಲ್ಲದ ಜಾಗವನ್ನು ಆಮ್ಲಕ್ಕೆ ತಿನ್ನಿಸಿ, ಮರದ ತುಂಡಿಗೆ ಮೊಳೆ ಹೊಡೆದರೆ ಬ್ಲಾಕ್ ಸಿದ್ಧ. ಅಡ್ಡಗೆರೆಗಳು ತೀರಾ ಒತ್ತೊತ್ತಾಗಿದ್ದರೆ ಅಗ್ಗದ ಕಾಗದದ ಮೇಲೆ ಮಸಿ ಹರಡಿ ಕಪ್ಪು ಮುದ್ದೆ. ಎಲ್ಲಿ ಗೆರೆ ನಿಲ್ಲಿಸಬೇಕು ಎಂಬುದನ್ನು ಕಲಾಶಾಲೆ ಕಲಿಸಿತೋ ಇಲ್ಲವೋ, ನ್ಯೂಸ್‌ಪ್ರಿಂಟ್ ಅಂತೂ ಕಲಿಸಿತು.

ಪತ್ರಿಕೆಯ ಗೆರೆಯ ಮಾತು ಬಂದಾಗ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರನ್ನು ದಾಟಿ ಹೋಗಲು ನನ್ನಿಂದ ಆಗುವುದಿಲ್ಲ. ಉಳಿದವರ ಅಭಿಮಾನಿಗಳು ಸಹಿಸಿಕೊಳ್ಳಬೇಕು.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಲಕ್ಷ್ಮಣ್ ಅವರ ತಂದೆ ಹೆಡ್‌ಮಾಸ್ಟರು. ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ಹುಡುಗ ಅಕ್ಷರ ಕೂಡಿಸುವ ಮೊದಲೇ ಓದಿ ಮುಗಿಸುತ್ತಿದ್ದ. ನೆಲ, ಗೋಡೆ, ಬಾಗಿಲು ಎಲ್ಲವೂ ಅವನಿಗೆ ಕಾಗದ. ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವನ ಆರಾಧ್ಯದೈವ. ಆದರೆ ಚಿತ್ರದ ಮೂಲೆಯ ಸಹಿಯನ್ನು ಅವನು ಬಹಳ ಕಾಲ ‘ಕೌ’ ಎಂದೇ ಓದುತ್ತಿದ್ದನಂತೆ. ಶಾಲೆಯಲ್ಲಿ ಎಲೆ ಬರೆಯಲು ಹೇಳಿದಾಗ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿ, ನೀನು ಮುಂದೆ ಕಲಾವಿದನಾಗುತ್ತೀಯ ಎಂದರಂತೆ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಮಾತ್ರ ಹಾಗನ್ನಿಸಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಹುಡುಗ ಮಹಾರಾಜಾ ಕಾಲೇಜು ಸೇರಿದ. ವರ್ಷಗಳ ನಂತರ ಅದೇ ಶಾಲೆ ಅವರನ್ನು ಅತಿಥಿಯಾಗಿ ಕರೆದು ಕೂರಿಸಿತು, ಅವರು ಅಲ್ಲಿ ಹಳೆಯ ಪತ್ರದ ಕತೆ ಹೇಳದೆ ಬಿಡಲಿಲ್ಲ!

ಆ ದಿನಗಳಲ್ಲಿ ಅವರು ಬರೆಯುತ್ತಿದ್ದ ಚಿತ್ರಗಳಾದರೂ ಏನು? ಆತ್ಮಕತೆಯಲ್ಲಿ ಹೇಳಿಕೊಂಡಂತೆ, ಕಿಟಕಿಯಾಚೆ ಕಂಡದ್ದಷ್ಟೇ. ಒಣ ಕಡ್ಡಿ, ಎಲೆ, ಹರಿದಾಡುವ ಹಲ್ಲಿಯಂಥ ಜೀವಿಗಳು, ಸೌದೆ ಒಡೆಯುವ ಆಳು, ಮತ್ತೆ ಎದುರು ಸೂರಿನ ಕಾಗೆಗಳು.

ಕಾಗೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮಲ್ಲಿ ತಿಥಿಯ ದಿನ ಪಿಂಡ ಮುಟ್ಟಲಿ ಎಂದು ಕಾಗೆಗೆ ಕಾಯುತ್ತೇವೆ, ಮಾರನೇ ದಿನ ಸಂಡಿಗೆ ಒಣಹಾಕಿ ಅದನ್ನೇ ಓಡಿಸುತ್ತೇವೆ. ಲಕ್ಷ್ಮಣ್ ಕಂಡದ್ದು ಬರೀ ಆಕಾರ. ಹಸಿರೆಲೆ ಇರಲಿ, ನೀಲಿ ಆಕಾಶ ಇರಲಿ, ಅದರ ಕಪ್ಪು ಎದ್ದು ಕಾಣುತ್ತದೆ ಎಂಬುದು ಅವರ ವಾದ. ಗಿಳಿಯಾದರೆ ಮರದಲ್ಲೇ ಕಳೆದುಹೋದೀತು. ರಾಜಕಾರಣಿಗಳನ್ನು ಬರೆಯುವುದು ಹೊಟ್ಟೆಪಾಡು. ಕಾಗೆಗಳನ್ನು ಅವರು ತಮ್ಮ ಖುಷಿಗೆ ಬರೆದರು, ದೊಡ್ಡ ದೊಡ್ಡದಾಗಿ, ಬಗೆಬಗೆಯಾಗಿ. ಅವುಗಳದೇ ಪ್ರದರ್ಶನವನ್ನೂ ಮಾಡಿದರು. ಕತ್ತು ಓರೆ ಮಾಡಿ ಕೂತ ಆ ಕಾಗೆಯ ಸಂಶಯದ ನೋಟ ಅವರ ಶ್ರೀಸಾಮಾನ್ಯನಲ್ಲೂ ಇದೆ ಎಂದು ನನ್ನ ಅನುಮಾನ.

ಕನ್ನಡಿಗರು ಮರೆಯಬಾರದ ಸಂಗತಿ ಒಂದಿದೆ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತೆಗೆದಾಗ ಅದಕ್ಕೆ ಚಿತ್ರ ಬರೆದವರಲ್ಲಿ ಈ ಕಾಲೇಜು ಹುಡುಗನೂ ಇದ್ದ. ಕನ್ನಡದ ನಗೆಯ ಪುಟಗಳಲ್ಲಿ ಪಳಗಿದ ಕೈ ಅದು. ಅಣ್ಣ ನಾರಾಯಣರ ಕತೆಗಳಿಗೂ ಅದೇ ಕೈಯ ಚಿತ್ರ. ಶಂಕರ್‌ನಾಗ್ ಆ ಕತೆಗಳನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಶೀರ್ಷಿಕೆಯ ಜತೆ ತೆರೆಯ ಮೇಲೆ ಬಂದ ರೇಖಾಚಿತ್ರಗಳೂ ಅವರವೇ.

ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಅವರ ಸಹೋದ್ಯೋಗಿ ಬಾಳ್ ಠಾಕ್ರೆ. ಕಮ್ಯುನಿಸ್ಟರನ್ನು ಗೇಲಿ ಮಾಡಕೂಡದು ಎಂದು ಮಾಲೀಕರು ಹೇಳಿದ್ದಕ್ಕೆ ಲಕ್ಷ್ಮಣ್ ಎದ್ದು ನಡೆದರು, ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. 1951ರಲ್ಲಿ ‘ಯು ಸೆಡ್ ಇಟ್’ ಶುರುವಾಯಿತು. ಲಂಡನ್ನಿನಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ 1939ರಲ್ಲೇ ಒಂದು ಕಾಲಮ್ಮಿನ ಪಾಕೆಟ್ ಕಾರ್ಟೂನಿಗೆ ದಾರಿ ಹಾಕಿದ್ದರು. ಲಕ್ಷ್ಮಣ್ ಆ ಇಕ್ಕಟ್ಟಿನಲ್ಲಿ ಇಡೀ ದೇಶವನ್ನು ತುರುಕಬೇಕಿತ್ತು. ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಎಂದು ಗುಂಪುಗುಂಪಾಗಿ ಜನರನ್ನು ಬರೆಯುತ್ತಿದ್ದರು. ಸಂಜೆಯ ಗಡುವು ಹತ್ತಿರ ಬಂದಂತೆ ಒಬ್ಬೊಬ್ಬರನ್ನೇ ಕೈಬಿಡಬೇಕಾಯಿತು. ಕೊನೆಗೆ ಉಳಿದವನು ಚೌಕುಳಿ ಕೋಟು, ಪಂಚೆ, ದುಂಡು ಕನ್ನಡಕದ ಒಬ್ಬನೇ, ಎಂದೂ ಬಾಯಿ ಬಿಡದ ಶ್ರೀಸಾಮಾನ್ಯ. ಅವನ ಮೌನಕ್ಕೆ ಪಂಡಿತರು ಏನೇನೋ ಅರ್ಥ ಹಚ್ಚಿದ್ದಾರೆ. ಅಷ್ಟು ಚಿಕ್ಕ ಚೌಕದಲ್ಲಿ ಇಬ್ಬರು ಮಾತಾಡಿದರೆ ಚಿತ್ರಕ್ಕೆ ಜಾಗವೆಲ್ಲಿ ಎಂದು ನಾನು ಕೇಳುತ್ತೇನೆ.

ಅವರ ಕೆಲಸದ ದಿನದ ವಿವರ ನನಗೆ ಎಲ್ಲಕ್ಕಿಂತ ಇಷ್ಟ. ಬೆಳಿಗ್ಗೆ ಕಚೇರಿಗೆ ಬಂದು ಪತ್ರಿಕೆಗಳನ್ನು ಹರಡಿಕೊಂಡು ಕೂತರೆ ಹೊತ್ತು ಏರುವವರೆಗೆ ಏನೂ ಹೊಳೆಯುತ್ತಿರಲಿಲ್ಲ. ಮುಖ ಗಂಟು, ಯಾರೂ ಒಳಗೆ ಬರುವಂತಿಲ್ಲ. ನಗೆ ಹೇಗೆ ಹುಟ್ಟುತ್ತದೆ ಎಂದರೆ ಅವರಲ್ಲೂ ಉತ್ತರವಿರಲಿಲ್ಲ. ಯಾವಾಗಲೋ ಒಂದು ಎಳೆ ಸಿಕ್ಕ ಮೇಲೆ ಬ್ರಷ್ಷು, ಇಂಡಿಯನ್ ಇಂಕು. ಮರುದಿನ ಮತ್ತೆ ಸೊನ್ನೆಯಿಂದ. ಅರ್ಧ ಶತಮಾನ ಹೀಗೆ ನಡೆಯಿತು. 2003ರ ಪಾರ್ಶ್ವವಾಯು ಎಡಭಾಗವನ್ನು ಹಿಡಿದರೂ ಬರೆಯುವ ಬಲಗೈ ಉಳಿಯಿತು. 2015ರ ಗಣರಾಜ್ಯೋತ್ಸವದ ದಿನ ಪುಣೆಯಲ್ಲಿ ತೀರಿಕೊಂಡರು.

ನಮ್ಮಲ್ಲೂ ಪರಂಪರೆ ಸಣ್ಣದಲ್ಲ. ‘ಡೆಕ್ಕನ್ ಹೆರಾಲ್ಡ್’ ಓದಿ ಬೆಳೆದವರಿಗೆ ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’, ‘ಪ್ರಜಾವಾಣಿ’ ಓದುಗರಿಗೆ ಪಿ. ಮಹಮ್ಮದ್ ಅವರ ‘ಚಿನಕುರಳಿ’. ಆದರೆ ‘ಕೊರವಂಜಿ’ 1967ರಲ್ಲಿ ನಿಂತಿತು, ದಿಲ್ಲಿಯ ‘ಶಂಕರ್ಸ್ ವೀಕ್ಲಿ’ 1975ರಲ್ಲಿ. 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ತನ್ನ ಅಂತರರಾಷ್ಟ್ರೀಯ ಆವೃತ್ತಿಯ ದೈನಂದಿನ ರಾಜಕೀಯ ವ್ಯಂಗ್ಯಚಿತ್ರವನ್ನೇ ಕೈಬಿಟ್ಟಿತು. ಈಗಿನವರು ಟ್ಯಾಬ್ಲೆಟ್ಟಿನ ಮೇಲೆ ಬರೆಯುತ್ತಾರೆ. ಅದರಿಂದ ಗೆರೆಗೇನೂ ಕುಂದಿಲ್ಲ, ಕೆಲವರದಂತೂ ಹಳಬರಿಗಿಂತ ಚುರುಕು. ನನ್ನ ಕೊರಗು ಉಪಕರಣದ್ದಲ್ಲ. ಒಂದು ಕಾಲಮ್ಮಿನ ನಗೆಗಾಗಿ ಒಬ್ಬ ಮನುಷ್ಯನಿಗೆ ಕೋಣೆ ಕೊಟ್ಟು, ಸಂಬಳ ಕೊಟ್ಟು, ಮುಖ ಗಂಟಿಕ್ಕಿಕೊಂಡು ದಿನವಿಡೀ ಕೂರಲು ಬಿಡುತ್ತಿದ್ದ ಪತ್ರಿಕಾ ಕಚೇರಿಗಳಿದ್ದವು. ಇವತ್ತು ಈ ಹುಚ್ಚು ಹತ್ತಿದ ಹುಡುಗ ಹುಡುಗಿಯರಲ್ಲಿ ಹಲವರು ಹಗಲು ಬೇರೆಲ್ಲೋ ದುಡಿದು, ರಾತ್ರಿ ಊಟವಾದ ಮೇಲೆ ಬರೆಯುತ್ತಾರೆ.