ಬೆಲ್ಲಕ್ಕೆ ಹೆಸರಿಟ್ಟಿರಿ, ಆ ಹೆಸರು ನಿಮ್ಮದಾ?

ಗಾಣದ ಎಣ್ಣೆ, ಬೆಲ್ಲ, ಸಿರಿಧಾನ್ಯದ ಹಿಟ್ಟು ಅಂತ ನಮ್ಮಲ್ಲಿ ಬಹಳ ಜನ ಈಗ ಸ್ವಂತ ಹೆಸರಲ್ಲೇ ಮಾರುತ್ತಿದ್ದಾರೆ. "ಎಫ್‌ಎಸ್‌ಎಸ್‌ಎಐ ನಂಬರ್ ಬಂತು, ಜಿಎಸ್‌ಟಿ ಆಯ್ತು, ಇನ್ನು ಹೆಸರು ನಮ್ಮದೇ" ಅನ್ನೋ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಸರಿಯಲ್ಲ. ಮೊದಲನೆಯದು ಆಹಾರ ಸುರಕ್ಷತೆಗೆ, ಎರಡನೆಯದು ತೆರಿಗೆಗೆ. ಹೆಸರಿನ ಹಕ್ಕಿಗೆ ಇರೋದು 1999ರ ಟ್ರೇಡ್ ಮಾರ್ಕ್ ಕಾಯ್ದೆ. ನೋಂದಣಿ ಇಲ್ಲದಿದ್ದರೆ, ನಾಳೆ ಯಾವನೋ ವ್ಯಾಪಾರಿ ಅದೇ ಹೆಸರಲ್ಲಿ ಕಲಬೆರಕೆ ಬೆಲ್ಲ ಮಾರಿದಾಗ, ಆ ಹೆಸರನ್ನು ಜನ ನಿಮ್ಮದೆಂದೇ ಗುರುತಿಸುತ್ತಿದ್ದರು ಅಂತ ಕೋರ್ಟಿನಲ್ಲಿ ನೀವೇ ಸಾಬೀತು ಮಾಡಬೇಕು.

ಎಂಥ ಹೆಸರು ಸಿಗುತ್ತೆ?

"ಮಂಡ್ಯ ಸಾವಯವ ಬೆಲ್ಲ" ಅಂತ ಅರ್ಜಿ ಹಾಕಿದರೆ ಸಿಗೋದು ಕಷ್ಟ. ಊರು, ಗುಣ, ಪದಾರ್ಥ ಮಾತ್ರ ಹೇಳುವ ಪದಗಳು ಎಲ್ಲರಿಗೂ ಬೇಕಾದವು. ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆಯಂಥ ಜಿಐ ಹೆಸರುಗಳೂ ಒಬ್ಬರ ಸ್ವತ್ತಲ್ಲ, ಆ ಭಾಗದ ಬೆಳೆಗಾರರೆಲ್ಲರದು. ಪದಾರ್ಥಕ್ಕೆ ನೇರ ಸಂಬಂಧವಿಲ್ಲದ, ಕೇಳಿದ ತಕ್ಷಣ ನೆನಪಲ್ಲಿ ಉಳಿಯುವ ಹೆಸರು ಆರಿಸಿ. ಲೇಬಲ್ ಅಚ್ಚು ಹಾಕಿಸೋ ಮೊದಲೇ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಹುಡುಕಿ, ಇದು ಉಚಿತ. ಅದೇ ಉಚ್ಚಾರಣೆ ಬರುವ ಬೇರೆ ಸ್ಪೆಲ್ಲಿಂಗ್‌ಗಳನ್ನೂ ಹಾಕಿ ನೋಡಿ.

ಯಾವ ವರ್ಗ, ಎಷ್ಟು ಖರ್ಚು?

ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಮಾಡಿದ್ದಾರೆ. ನಮಗೆ ಮುಖ್ಯವಾದವು ಮೂರು:

- 29: ಅಡುಗೆ ಎಣ್ಣೆ, ಉಪ್ಪಿನಕಾಯಿ, ಹಾಲಿನ ಉತ್ಪನ್ನ
- 30: ಬೆಲ್ಲ, ಜೇನು, ಹಿಟ್ಟು, ಮಸಾಲೆ, ಕಾಫಿ
- 31: ತಾಜಾ ಹಣ್ಣು, ತರಕಾರಿ, ಬಿತ್ತನೆ ಬೀಜ

ಆನ್‌ಲೈನಿನಲ್ಲಿ ಟಿಎಂ-ಎ ಫಾರ್ಮ್ ತುಂಬಿದರೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಎಣ್ಣೆ, ಬೆಲ್ಲ ಎರಡೂ ಇದ್ದರೆ ಎರಡು ವರ್ಗದ ಶುಲ್ಕ. ಏಜೆಂಟ್ ಮೂಲಕ ಹಾಕಿಸಿದರೆ ಅವರ ಫೀಸು ಬೇರೆ. ಅರ್ಜಿ ನಿಮ್ಮ ಹೆಸರಲ್ಲೇ ಇದೆಯಾ ಅಂತ ಮಾತ್ರ ಕಡ್ಡಾಯವಾಗಿ ನೋಡ್ಕೊಳ್ಳಿ.

ಅರ್ಜಿ ಹಾಕಿದ ಮೇಲೆ

ಪರೀಕ್ಷಕರು ಆಕ್ಷೇಪ ಎತ್ತಿದರೆ ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಹಾಗಾಗಿ ಇಮೇಲ್ ನೋಡ್ತಾ ಇರಿ. ಒಪ್ಪಿದರೆ ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತೆ. ನಾಲ್ಕು ತಿಂಗಳಲ್ಲಿ ಯಾರೂ ವಿರೋಧಿಸದಿದ್ದರೆ ನೋಂದಣಿ. ಅರ್ಜಿ ಹಾಕಿದ ದಿನದಿಂದ 10 ವರ್ಷ ಚಾಲ್ತಿ, ಆಮೇಲೆ ನವೀಕರಣ.

ಅಲ್ಲಿವರೆಗೆ ಹೆಸರಿನ ಪಕ್ಕ ಟಿಎಂ ಅಂತ ಮಾತ್ರ ಹಾಕಿ. ವೃತ್ತದೊಳಗಿನ ಆರ್ ಗುರುತು ನೋಂದಣಿಯಾದವರಿಗೆ ಮಾತ್ರ. ಮೊದಲೇ ಹಾಕಿದರೆ ಕಾನೂನು ಪ್ರಕಾರ ತಪ್ಪು.

ಇವತ್ತೇ ಮಾಡಬಹುದಾದ ಕೆಲಸ

ಮೊದಲ ಬಿಲ್, ಹಳೇ ಲೇಬಲ್‌ನ ಫೋಟೋ, ಪ್ರಿಂಟರ್ ಕೊಟ್ಟ ರಸೀದಿ, ವಾಟ್ಸ್ಯಾಪ್ ಆರ್ಡರ್, ಎಲ್ಲವನ್ನೂ ದಿನಾಂಕ ಕಾಣುವ ಹಾಗೆ ಒಂದು ಫೋಲ್ಡರ್‌ನಲ್ಲಿ ಇಡಿ. ನಿಮಗಿಂತ ತಡವಾಗಿ ಶುರು ಮಾಡಿದವನು ಮೊದಲು ನೋಂದಣಿ ಮಾಡಿಸಿದರೂ, ಮೊದಲಿಂದ ಬಿಡದೆ ಬಳಸುತ್ತಿರುವವರನ್ನು ಕಾಯ್ದೆಯ 34ನೇ ಕಲಂ ಕಾಪಾಡುತ್ತೆ. ಆದರೆ ಅದಕ್ಕೆ ಪುರಾವೆ ಬೇಕು, ಬಾಯಿಮಾತು ಸಾಲದು.