ಬಿಚ್ಚಿ ಮತ್ತೆ ಹೆಣೆಯಬಹುದಾದ ಕುರ್ಚಿ

ದಂಡು ರೈಲು ನಿಲ್ದಾಣದ ಬಳಿಯ ಬ್ಯಾಂಬೂ ಬಜಾರ್ ಬೆಂಗಳೂರಿನ ಪೂರ್ವ ಭಾಗದವರಿಗೆ ಬಿದಿರಿನ ಹಳೆಯ ವಿಳಾಸ. ಬಿದಿರ ಗಳು, ಸರ್ವೆ ಕಂಬ, ಏಣಿ, ವರಾಂಡಕ್ಕೆ ಇಳಿಬಿಡುವ ತಟ್ಟಿ, ಚಾಪೆ, ಇವೆಲ್ಲ ಇಲ್ಲಿಯ ಸರಕು. ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು 1809ರಲ್ಲಿ ದಂಡು ಕಟ್ಟಿದರು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂತು. ಪೇಟೆಯೂ ದಂಡೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಆ ಕಾಲದ ಬಂಗಲೆಗಳಲ್ಲಿ ಹೆಚ್ಚಿನವು ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಟ್ಟುಕೊಟ್ಟಿವೆ. ಅವುಗಳ ವರಾಂಡದಲ್ಲಿದ್ದ ಬೆತ್ತದ ಬೆನ್ನಿನ ಕುರ್ಚಿಗಳು ಮಾತ್ರ ಶಿವಾಜಿನಗರ, ಹಲಸೂರು, ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಮೂರನೆಯ ತಲೆಮಾರನ್ನು ಕೂರಿಸಿಕೊಂಡಿವೆ.

ಅಷ್ಟು ಕಾಲ ಅವು ಉಳಿದದ್ದಕ್ಕೆ ಮರ ಗಟ್ಟಿಯಾಗಿದ್ದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಸರಿಪಡಿಸಲು ಅವು ಅವಕಾಶ ಕೊಟ್ಟವು, ಸರಿಪಡಿಸುವ ಕೈ ಹತ್ತಿರದಲ್ಲೇ ಇತ್ತು. ಮನೆಗೆ ಪೀಠೋಪಕರಣ ಕೊಳ್ಳುವವರು ಬಣ್ಣ, ಅಳತೆ, ಬೆಲೆ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬುತ್ತೇನೆ: ಇದು ಮುರಿದರೆ ನನ್ನ ಊರಿನಲ್ಲಿ ಯಾರು ರಿಪೇರಿ ಮಾಡುತ್ತಾರೆ? ಪುಡಿಹಲಗೆಯ ಕಪಾಟು ನೀರು ಕುಡಿದು ಊದಿಕೊಂಡರೆ, ಒಮ್ಮೆ ಸಡಿಲವಾದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯದಿದ್ದರೆ, ಯಾವ ಬಡಗಿಯೂ ಏನೂ ಮಾಡಲಾರ. ಬೆತ್ತ, ಬಿದಿರು, ಮರ ಹಾಗಲ್ಲ.

ಬಿದಿರು ಹೆಣೆಯುವುದು ಕರ್ನಾಟಕದಲ್ಲಿ ಮೇದಾರರ ಕುಲಕಸುಬು. ಹನ್ನೆರಡನೆಯ ಶತಮಾನದ ಶರಣರ ನಡುವೆ ಮೇದಾರ ಕೇತಯ್ಯ ಇದೇ ಕಾಯಕದವನು. ಬುಟ್ಟಿ, ಮೊರ ಹೆಣೆದು ಬದುಕಿದ, ವಚನಗಳನ್ನೂ ಬರೆದ. ಇಂದು ನಗರದ ರಸ್ತೆಬದಿಯಲ್ಲಿ ಕೂತು ಬೆತ್ತ ಬಾಗಿಸುವವರಲ್ಲಿ ಬೇರೆ ಬೇರೆ ಊರಿನವರು, ಈಶಾನ್ಯ ರಾಜ್ಯಗಳಿಂದ ಬಂದವರೂ ಇದ್ದಾರೆ. ಸರ್ಕಾರಿ ಕಚೇರಿಗಳ ಕುರ್ಚಿಗೆ ಬೆತ್ತ ಹೆಣೆಯುವ ಕೆಲಸವನ್ನು ದೇಶದ ಅಂಧರ ಶಾಲೆಗಳು ಬಹುಕಾಲ ಒಂದು ವೃತ್ತಿಯಾಗಿ ಕಲಿಸಿದವು. ಕಣ್ಣಿನ ನೆರವಿಲ್ಲದೆ ಬೆರಳಿನಿಂದಲೇ ಎಳೆಯ ಬಿಗಿಯನ್ನು ಅಳೆಯಬಲ್ಲವರ ಕೈಕೆಲಸದ ಮೇಲೆ ಒಂದು ಕಾಲದ ಗುಮಾಸ್ತರೆಲ್ಲ ಕೂತಿದ್ದರು ಎಂಬುದನ್ನು ನಾವು ಮರೆತಿದ್ದೇವೆ.

ಆ ಹೆಣಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕುರ್ಚಿಯ ಚೌಕಟ್ಟಿನ ಸುತ್ತ ಒಂದೇ ಅಂತರದಲ್ಲಿ ತೂತುಗಳಿರುತ್ತವೆ. ಬೆತ್ತದ ಹೊರಸಿಪ್ಪೆಯನ್ನು ಸೀಳಿ ತೆಗೆದ ಎಳೆಯನ್ನು ನೀರಲ್ಲಿ ನೆನೆಸಿ ಮೆದು ಮಾಡಿ, ಮೊದಲು ಹಿಂದಿನಿಂದ ಮುಂದಕ್ಕೆ ಎಳೆಯುತ್ತಾರೆ. ಅದರ ಮೇಲೆ ಎಡದಿಂದ ಬಲಕ್ಕೆ. ಮತ್ತೊಮ್ಮೆ ಹಿಂದಿನಿಂದ ಮುಂದಕ್ಕೆ, ಮತ್ತೊಮ್ಮೆ ಅಡ್ಡಕ್ಕೆ. ಈ ಸಲ ಮೇಲೆ ಕೆಳಗೆ ನುಸುಳಿಸಿ. ಕೊನೆಗೆ ಎರಡು ಓರೆ ಎಳೆಗಳು ಬಂದಾಗ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಅಂಚಿಗೊಂದು ಪಟ್ಟಿ ಕಟ್ಟಿದರೆ ಕೆಲಸ ಮುಗಿಯಿತು. ಒಂದು ಕೂರುಮಣೆಗೆ ಪಳಗಿದ ಕೈಗೂ ಇಡೀ ದಿನ ಹಿಡಿಯಬಹುದು. ಎಳೆ ಒಣಗುತ್ತ ಬಿಗಿಯುತ್ತದೆ. ಮೈಭಾರಕ್ಕೆ ತುಸು ಬಗ್ಗಿ ಎದ್ದಾಗ ಮರಳುತ್ತದೆ. ಬೆವರುವ ಬೆನ್ನಿಗೆ ಗಾಳಿ ಬಿಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಹಡಗೇರಿ ಯುರೋಪಿಗೆ ಹೋದ ಈ ವಿದ್ಯೆ, ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ತಂದ ಬಾಗಿಸಿದ ಮರದ ಕುರ್ಚಿಯ ಮೂಲಕ ಜಗತ್ತಿನ ಹೋಟೆಲುಗಳಿಗೆಲ್ಲ ಹಬ್ಬಿತು.

ಬೆತ್ತ ಕಾಡಿನ ಬಳ್ಳಿ, ತಾಳೆಯ ಜಾತಿಗೆ ಸೇರಿದ್ದು. ಮುಳ್ಳುಗಳಿಂದ ಮರವನ್ನು ಹಿಡಿದುಕೊಂಡು ಮೇಲೇರುತ್ತದೆ. ಕೆಲವು ಜಾತಿಗಳು ನೂರು ಮೀಟರಿಗೂ ಮೀರಿ ಬೆಳೆಯುತ್ತವೆ. ನಮ್ಮ ಪಶ್ಚಿಮಘಟ್ಟದ ನಾಗಬೆತ್ತದ ಹೆಸರು ಸಸ್ಯಶಾಸ್ತ್ರದಲ್ಲೂ ಕ್ಯಾಲಮಸ್ ನಾಗಬೆತ್ತೈ ಎಂದೇ ದಾಖಲಾಗಿದೆ. ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಯಲ್ಲಿ ಬ್ರಹ್ಮರಥವನ್ನು ಎಳೆಯುವುದು ಬೆತ್ತದಿಂದ. ಕಾಡಿನಿಂದ ಅದನ್ನು ತಂದು ರಥ ಕಟ್ಟುವವರು ಮಲೆಕುಡಿಯರು. ಊರಿನ ರಥದ ಭಾರ ತಡೆಯುವ ಬಳ್ಳಿಗೆ ಮನೆಯ ಸೋಫಾ ಹೆಚ್ಚಲ್ಲ. ಆದರೆ ಕಾಡಿನ ಬೆತ್ತ ಕಡಿಮೆಯಾಗುತ್ತಿದೆ. ಪ್ರಪಂಚದ ಬಹುಪಾಲು ಬೆತ್ತ ಬೆಳೆಯುವ ಇಂಡೊನೇಷ್ಯಾ 2012ರಿಂದ ಕಚ್ಚಾ ಬೆತ್ತದ ರಫ್ತನ್ನೇ ನಿಲ್ಲಿಸಿತು. ಬೆತ್ತದ ಕುರ್ಚಿಗೆ ಇಷ್ಟೊಂದು ಬೆಲೆಯೇ ಎಂದು ಚೌಕಾಸಿಗೆ ಇಳಿಯುವ ಮೊದಲು ಇದನ್ನು ನೆನೆಯುವುದು ನ್ಯಾಯ.

ಇಂದಿರಾನಗರದ ಥಳಕಿನ ಅಂಗಡಿಯಾಗಲಿ, ಬೀದಿಬದಿಯ ಗುಡಾರವಾಗಲಿ, ಬೆತ್ತ ಕೊಳ್ಳುವಾಗ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಕತ್ತರಿಸಿದ ತುದಿ ತುಂಬಿಕೊಂಡಿದ್ದು ಸಣ್ಣ ಸಣ್ಣ ರಂಧ್ರ ಕಂಡರೆ ಅದು ಬೆತ್ತ. ಒಳಗೆ ಟೊಳ್ಳಿದ್ದರೆ ಬಿದಿರು. ಎರಡೂ ಒಳ್ಳೆಯವೇ, ಆದರೆ ಬೆಲೆ ಒಂದಾಗಬಾರದು. ಎಳೆಯಿಂದ ಎಳೆಗೆ ಬಣ್ಣದಲ್ಲಿ ಚೂರೂ ವ್ಯತ್ಯಾಸವಿಲ್ಲದಿದ್ದರೆ, ಗಿಣ್ಣಿನ ಗುರುತೇ ಕಾಣದಿದ್ದರೆ ಅದು ಪ್ಲಾಸ್ಟಿಕ್. ಬೆತ್ತವನ್ನು ಬೆಂಕಿಯ ಕಾವು ತೋರಿಸಿ ಬಾಗಿಸುತ್ತಾರೆ. ಬಾಗಿನಲ್ಲಿ ಕರಿಕು ಢಾಳಾಗಿದ್ದರೆ ಅಲ್ಲಿ ನಾರು ಸುಟ್ಟು ಸೋತಿದೆ ಎಂದರ್ಥ. ಕೀಲುಗಳ ಮೇಲೆ ಸುತ್ತಿದ ಪಟ್ಟಿಯನ್ನು ಉಗುರಿನಿಂದ ಮೀಟಿ, ಅಲುಗಬಾರದು. ಕೂತು ಎಡಬಲಕ್ಕೆ ಓಲಾಡಿದಾಗ ಕಿರುಗುಟ್ಟಿದರೆ ಪರವಾಗಿಲ್ಲ, ಕಾಲುಗಳು ಓರೆಯಾದರೆ ಬೇಡ.

ಬಿದಿರಿನ ವೈರಿ ಕುಟ್ಟೆ ಹುಳು. ಅದು ತಿನ್ನುವುದು ಬಿದಿರಿನೊಳಗಿನ ಪಿಷ್ಟವನ್ನು. ಅದಕ್ಕೇ ಬಲ್ಲವರು ಮೂರು ವರ್ಷವಾದರೂ ಬಲಿತ ಗಳುವನ್ನೇ ಆರಿಸುತ್ತಾರೆ, ಕಳಲೆ ಏಳುವ ಕಾಲದಲ್ಲಿ ಕಡಿಯುವುದಿಲ್ಲ, ಕಡಿದದ್ದನ್ನು ನೀರಲ್ಲಿ ಹಾಕಿ ಪಿಷ್ಟ ಕರಗಿಸುತ್ತಾರೆ. ಈಗ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವ ಕ್ರಮವೂ ಇದೆ. ‘ನೆನೆಸಿದ್ದೀರಾ?’ ಎಂದು ಕೇಳಲು ಸಂಕೋಚ ಬೇಡ. ಮನೆಗೆ ತಂದ ಮೇಲೆ ಕಾಲಿನ ಬುಡದಲ್ಲಿ ನುಣುಪಾದ ಹಳದಿ ಪುಡಿ ಕಂಡರೆ ಹುಳು ಒಳಗಿದೆ. ಉಳಿದ ಸಾಮಾನಿನಿಂದ ಅದನ್ನು ದೂರವಿಡಿ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬಿದಿರು ಮರಗಳ ಪಟ್ಟಿಯಿಂದ ಹೊರಬಂದ ಮೇಲೆ ಹೊಲದ ಬಿದಿರನ್ನು ಕಡಿದು ಮಾರುವುದು ರೈತನಿಗೆ ಸಲೀಸಾಗಿದೆ. ನಾವು ಕೊಳ್ಳುವ ಒಂದು ಬಿದಿರು ಮಂಚ ಆ ದಾರಿಯ ಕೊನೆಯಲ್ಲಿ ನಿಂತಿದೆ.

ಮರದ ವಿಷಯದಲ್ಲಿ ಚೇಗು ಎಷ್ಟಿದೆ ಎಂಬುದೇ ಮುಖ್ಯ. ತೇಗಕ್ಕೆ ಗೆದ್ದಲು ಹತ್ತದಿರಲು ಅದರ ಚೇಗಿನಲ್ಲಿರುವ ರಾಸಾಯನಿಕಗಳು ಕಾರಣ. ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆ ಇಲ್ಲ. ಬೇಗ ಬೆಳೆಸಿ ಬೇಗ ಕಡಿದ ತೋಟದ ತೇಗದಲ್ಲಿ ಬಿಳಿಯೇ ಹೆಚ್ಚು, ಅಂಗಡಿಯಲ್ಲಿ ಅದಕ್ಕೂ ತೇಗವೆಂದೇ ಹೆಸರು. ಕೈಗೆಟಕುವ ಬೆಲೆಯಲ್ಲಿ ಹಲಸು ನನ್ನ ಮೆಚ್ಚಿನ ಮರ. ಹಳದಿಯಾಗಿ ಬಂದು ವರ್ಷಗಳು ಕಳೆದಂತೆ ಕಂದು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಹಗುರ ಸಾಮಾನಿಗೆ ಆಗುತ್ತದೆ. ಬೀಟೆ ಬೇಕೆಂದರೆ ಹಳೆಯದನ್ನೇ ಹುಡುಕಿ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಅಳಿವಿನ ಆತಂಕದಿಂದ 2017ರಲ್ಲಿ ಬೀಟೆಯ ಇಡೀ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತರಲಾಯಿತು. ಮಾರುವವನ ಮಾತಿನ ಮೇಲೆ ಅನುಮಾನವಿದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಕೊಟ್ಟು ಮರದ ಜಾತಿ ಪತ್ತೆ ಮಾಡಿಸಬಹುದು. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ ಸಂಸ್ಥೆ ಅದು. ಅಲ್ಲಿಯ ಮರಗಳ ಸಂಗ್ರಹಾಲಯವನ್ನು ಮಕ್ಕಳಿಗೂ ತೋರಿಸಬೇಕು.

ಇನ್ನು ಆರೈಕೆ. ಬೆಂಗಳೂರಿನ ಹವೆ ಮರಕ್ಕೆ ಹಿತವೇ, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿ ಬೆತ್ತವನ್ನು ಪೆಡಸಾಗಿಸುತ್ತದೆ. ಕಿಟಕಿಯ ನೇರ ಬಿಸಿಲು, ಎಸಿಯ ಗಾಳಿ ಎರಡರಿಂದಲೂ ಸರಿಸಿಡಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ಜೋತುಬಿದ್ದ ಬೆತ್ತದ ಕೂರುಮಣೆಗೆ ಹಳೆಯ ಮದ್ದೊಂದಿದೆ: ಕುರ್ಚಿಯನ್ನು ಕವುಚಿ, ಎಳೆಯ ತಳಭಾಗಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಚೆನ್ನಾಗಿ ತೋಯಿಸಿ, ನೆರಳಲ್ಲಿ ರಾತ್ರಿಯಿಡೀ ಒಣಗಿಸಿದರೆ ಬೆಳಗಿಗೆ ಬಿಗಿಯುತ್ತದೆ. ತಳದಿಂದಲೇ ಏಕೆಂದರೆ ಮೇಲಿನ ಹೊಳಪು ಸಿಪ್ಪೆ ನೀರು ಹೀರುವುದಿಲ್ಲ. ಎಳೆ ಕಡಿದಿದ್ದರೆ ಇದು ಫಲಿಸದು. ಬೆತ್ತದ ಮೇಲೆ ಮೊಣಕಾಲೂರಿ ಬಲ್ಬು ಬದಲಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಮರದ ಕಪಾಟು ಗೋಡೆಗೆ ತಾಗದಂತೆ ಒಂದಂಗುಲ ಮುಂದಿರಲಿ, ತೇವವೂ ಗೆದ್ದಲೂ ಅಲ್ಲಿಂದಲೇ ಬರುವುದು.

ಹಳೆಯ ತೇಗದ ಸಾಮಾನಿನ ಮೇಲಿರುವುದು ಬಹುತೇಕ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದ ಪಾಲಿಶ್. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿಯ ಉಂಗುರ ಬೀಳುತ್ತದೆ ನಿಜ, ಆದರೆ ಪೂರಾ ಕೆರೆಯದೆ ಮೇಲೊಂದು ಪದರ ಹಚ್ಚಿದರೆ ಹಳೆಯದರೊಂದಿಗೆ ಬೆರೆತು ಸರಿಹೋಗುತ್ತದೆ. ಅಗಸೆ ಎಣ್ಣೆ ತಿಕ್ಕುವವರು ಒಂದು ಎಚ್ಚರ ಮರೆಯಬಾರದು: ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಹರಡಿ, ಬಯಲಲ್ಲಿ ಒಣಗಿಸಿಯೇ ಎಸೆಯಬೇಕು.

ಹೆಣಿಗೆ ಹಾಕಿಸಲು ಕೊಡುವಾಗ ಬೆತ್ತವೇ ಬೇಕೆಂದು ಮೊದಲೇ ಹೇಳಿ. ಹೇಳದಿದ್ದರೆ ಪ್ಲಾಸ್ಟಿಕ್ ಎಳೆ ಬಂದೀತು. ಕೊಳ್ಳುವವರು ಕಡಿಮೆ ಹಣ ಕೊಡುತ್ತ ಬಂದದ್ದರಿಂದಲೇ ಕುಶಲಕರ್ಮಿ ಆ ದಾರಿ ಹಿಡಿದದ್ದು. ಇಡೀ ದಿನದ ಕೂಲಿಯನ್ನು ಲೆಕ್ಕ ಹಾಕಿ ಅಷ್ಟು ಕೊಡಿ, ಅವಸರ ಮಾಡಬೇಡಿ. ಮುಂಗಾರಿಗೆ ಮುಂಚೆಯೇ ಕೊಟ್ಟರೆ ಅನುಕೂಲ: ಹೆಣೆದ ಎಳೆ ಬೇಗ ಒಣಗಿ ಬಿಗಿಯುತ್ತದೆ. ಅರಗಿನ ಪಾಲಿಶ್ ಮಾಡಿಸುವುದಿದ್ದರೂ ಅದೇ ಸಮಯ, ಏಕೆಂದರೆ ತೇವದ ಗಾಳಿಯಲ್ಲಿ ಹಚ್ಚಿದ ಅರಗು ಬೆಳ್ಳಗೆ ಮಸುಕಾಗುತ್ತದೆ.