ವಿಕಿಡೇಟಾ ಪ್ರಶ್ನಾ ಸೇವೆಯ ಡೀಫಾಲ್ಟ್ ಆಯ್ಕೆಗಳು ಮತ್ತು ಮಿತಿಗಳು

ವಿಕಿಡೇಟಾ ಪ್ರಶ್ನಾ ಸೇವೆಯು ವಿಕಿಡೇಟಾ ಎಂಬ ಮುಕ್ತ ಜ್ಞಾನಭಂಡಾರದ ದತ್ತಾಂಶವನ್ನು ಶೋಧಿಸಿ, ಪಟ್ಟಿ, ನಕ್ಷೆ ಅಥವಾ ರೇಖಾಚಿತ್ರದ ರೂಪದಲ್ಲಿ ಒದಗಿಸುವ ಅಂತರಜಾಲ ಸೇವೆಯಾಗಿದೆ. ವಿಕಿಡೇಟಾ 2012ರ ಅಕ್ಟೋಬರ್ 29ರಂದು ಆರಂಭವಾಯಿತು. ವಿಕಿಮೀಡಿಯ ಪ್ರತಿಷ್ಠಾನವು ಪ್ರಶ್ನಾ ಸೇವೆಯನ್ನು 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಇದರಲ್ಲಿ ಪ್ರಶ್ನೆಗಳನ್ನು ಸ್ಪಾರ್ಕಲ್ ಎಂಬ ಭಾಷೆಯಲ್ಲಿ ಬರೆಯಲಾಗುತ್ತದೆ. ಸೇವೆಯು ಉಚಿತವಾಗಿದ್ದು, ಜಗತ್ತಿನ ಎಲ್ಲ ಬಳಕೆದಾರರೂ ಅವೇ ಸರ್ವರ್‌ಗಳನ್ನು ಹಂಚಿಕೊಳ್ಳುವುದರಿಂದ ಕೆಲವು ಮಿತಿಗಳನ್ನು ವಿಧಿಸಲಾಗಿದೆ. ಬಳಕೆದಾರನು ಏನನ್ನೂ ಸೂಚಿಸದಿದ್ದಾಗ ತಾನಾಗಿಯೇ ಅನ್ವಯವಾಗುವ ಆಯ್ಕೆಗೆ ಡೀಫಾಲ್ಟ್ ಎಂದು ಹೆಸರು.

ಕಾಲಮಿತಿ

ಒಂದು ಪ್ರಶ್ನೆಗೆ ದೊರೆಯುವ ಗರಿಷ್ಠ ಅವಧಿ 60 ಸೆಕೆಂಡು. ಅಷ್ಟರಲ್ಲಿ ಮುಗಿಯದ ಪ್ರಶ್ನೆಯನ್ನು ಸರ್ವರ್ ನಿಲ್ಲಿಸಿ ದೋಷಸಂದೇಶ ನೀಡುತ್ತದೆ. ಸಾರ್ವಜನಿಕ ಸೇವೆಯಲ್ಲಿ ಬಳಕೆದಾರನು ಈ ಅವಧಿಯನ್ನು ಹೆಚ್ಚಿಸಿಕೊಳ್ಳಲಾರನು, ಪ್ರಶ್ನೆಯನ್ನೇ ಕಿರಿದುಗೊಳಿಸಬೇಕು. ಉದಾಹರಣೆಗೆ, ಜಗತ್ತಿನ ಎಲ್ಲ ಗ್ರಾಮಗಳನ್ನು ತೆಗೆದುಕೊಂಡು, ಅವುಗಳ ವಿವರಣೆಯಲ್ಲಿ ‘ಯಳಂದೂರು’ ಎಂಬ ಪದವಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸುವ ಪ್ರಶ್ನೆ ಬಹಳ ನಿಧಾನವಾಗುತ್ತದೆ. ಯಳಂದೂರು ತಾಲ್ಲೂಕಿನ ಪುಟದಿಂದಲೇ ಹೊರಟು, ಪಿ131 ಎಂಬ ಗುಣದ ಮೂಲಕ ಆ ಆಡಳಿತ ಪ್ರದೇಶಕ್ಕೆ ಸೇರಿದ ಸ್ಥಳಗಳನ್ನು ಕೇಳಿದರೆ ಉತ್ತರವು ಬೇಗ ದೊರೆಯುತ್ತದೆ.

ಸಾಲುಗಳ ಮಿತಿ

ಉತ್ತರದಲ್ಲಿ ಎಷ್ಟು ಸಾಲುಗಳಿರಬೇಕೆಂಬುದನ್ನು ‘ಲಿಮಿಟ್’ ಎಂಬ ಆದೇಶದಿಂದ ನಿಗದಿಪಡಿಸಬಹುದು. ಪ್ರಶ್ನೆಯಲ್ಲಿ ‘ಲಿಮಿಟ್ 100’ ಎಂದಿದ್ದರೆ ಹೆಚ್ಚೆಂದರೆ 100 ಸಾಲುಗಳು ಬರುತ್ತವೆ. ಇನ್ನೂ ಸಾಲುಗಳು ಉಳಿದಿವೆಯೆಂಬ ಸೂಚನೆ ಫಲಿತಾಂಶದಲ್ಲಿ ಇರುವುದಿಲ್ಲ. ‘ಆರ್ಡರ್ ಬೈ’ ಆದೇಶದಿಂದ ಕ್ರಮವನ್ನು ಗೊತ್ತುಪಡಿಸದಿದ್ದರೆ ಯಾವ 100 ಸಾಲುಗಳು ಬರುತ್ತವೆ ಎಂಬುದಕ್ಕೂ ನಿಯಮವಿಲ್ಲ. ಮಾದರಿ ಪ್ರಶ್ನೆಯನ್ನು ನಕಲು ಮಾಡಿಕೊಂಡವರು ಅದರಲ್ಲಿರುವ ಲಿಮಿಟ್ ಅನ್ನು ಗಮನಿಸದಿದ್ದಲ್ಲಿ, ಅರ್ಧ ಪಟ್ಟಿಯನ್ನೇ ಪೂರ್ಣ ಪಟ್ಟಿಯೆಂದು ಭಾವಿಸುವ ಸಾಧ್ಯತೆಯಿದೆ. ಒಟ್ಟು ಸಂಖ್ಯೆಯನ್ನು ‘ಕೌಂಟ್’ ಆದೇಶದಿಂದ ಪ್ರತ್ಯೇಕವಾಗಿ ಎಣಿಸಿ ನೋಡುವುದು ಇದಕ್ಕೆ ಪರಿಹಾರ.

ಭಾಷೆಯ ಆಯ್ಕೆ

ವಿಕಿಡೇಟಾದಲ್ಲಿ ಪ್ರತಿಯೊಂದು ವಿಷಯಕ್ಕೂ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯಿರುತ್ತದೆ. ಅದರ ಹೆಸರನ್ನು ಯಾವ ಭಾಷೆಯಲ್ಲಿ ತೋರಿಸಬೇಕೆಂಬುದನ್ನು ಹೆಸರುಪಟ್ಟಿ ಸೇವೆಯು ನಿರ್ಧರಿಸುತ್ತದೆ. ಕನ್ನಡದ ಸಂಕೇತವಾದ ‘ಕೆಎನ್’ ಅನ್ನು ಮೊದಲಿಗೂ ಇಂಗ್ಲಿಷಿನ ‘ಇಎನ್’ ಅನ್ನು ನಂತರವೂ ಬರೆದರೆ, ಕನ್ನಡ ಹೆಸರು ಲಭ್ಯವಿಲ್ಲದೆಡೆ ಇಂಗ್ಲಿಷ್ ಹೆಸರು ಕಾಣುತ್ತದೆ. ಎರಡೂ ಇಲ್ಲದಿದ್ದರೆ ಕೇವಲ ಸಂಖ್ಯೆ ಕಾಣುತ್ತದೆ.

ಬಳಕೆಯ ಮಿತಿ

ಒಬ್ಬ ಬಳಕೆದಾರನಿಗೆ ಪ್ರತಿ 60 ಸೆಕೆಂಡಿಗೆ 60 ಸೆಕೆಂಡುಗಳ ಸಂಸ್ಕರಣಾ ಸಮಯ ಮತ್ತು ನಿಮಿಷಕ್ಕೆ 30 ದೋಷಯುಕ್ತ ಪ್ರಶ್ನೆಗಳ ಅವಕಾಶವಿದೆ. ಇದನ್ನು ಮೀರಿದವರ ಕೋರಿಕೆಯನ್ನು 429 ಎಂಬ ಸಂಕೇತದೊಂದಿಗೆ ತಿರಸ್ಕರಿಸಲಾಗುತ್ತದೆ.

ಫಲಿತಾಂಶದ ಪರಿಶೀಲನೆ

ಮಿತಿಗಳನ್ನು ಸರಿಯಾಗಿ ಹೊಂದಿಸಿದರೂ ದತ್ತಾಂಶವು ಹಳೆಯದಾಗಿದ್ದರೆ ಉತ್ತರ ತಪ್ಪಾಗಬಹುದು. 2011ರ ಜನಗಣತಿಯ ವೇಳೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಮತ್ತು ಯಳಂದೂರು ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು. ಪ್ರತ್ಯೇಕ ತಾಲ್ಲೂಕಾದದ್ದು ಅನಂತರ. ಮಲೆ ಮಹದೇಶ್ವರ ಬೆಟ್ಟ ಈಗ ಹನೂರು ತಾಲ್ಲೂಕಿನಲ್ಲಿದೆ. ಗ್ರಾಮವೊಂದರ ಪುಟದಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಉಳಿದಿದ್ದರೆ, ಹನೂರಿನ ಗ್ರಾಮಗಳನ್ನು ಕೇಳುವ ಪ್ರಶ್ನೆಗೆ ಅದು ಸಿಗುವುದಿಲ್ಲ. ಕೊಳ್ಳೇಗಾಲದ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆ ಊರು ತಾಲ್ಲೂಕಿನಲ್ಲಿಲ್ಲವೆಂದು ತೀರ್ಮಾನಿಸಲಾಗದು. ವಿಕಿಡೇಟಾವನ್ನು ಯಾರು ಬೇಕಾದರೂ ತಿದ್ದಬಹುದಾದುದರಿಂದ, ಇಂತಹ ದೋಷವನ್ನು ಕಂಡವರು ಸೂಕ್ತ ಆಧಾರದೊಡನೆ ಸರಿಪಡಿಸಬಹುದು.